ಪೀರಬಿಯ ತೊಟ್ಟಿಯಲ್ಲಿ ನೀರು ಬೆಚ್ಚಗಾದಾಗ

ಬೆಳಗಿನ ಐದೂಕಾಲು ಗಂಟೆ. ಪೀರಬಿ ಮೊಣಕೈತನಕ ತೋಳು ಮಡಚಿ, ತೊಟ್ಟಿಯ ನೀರಿನಲ್ಲಿ ಕೈ ಇಳಿಬಿಟ್ಟು, ಕಣ್ಣು ಮುಚ್ಚಿ ನಿಂತಿದ್ದಾರೆ. ನಾಡಿ ಹಿಡಿದು ನೋಡುವ ಹಳ್ಳಿ ವೈದ್ಯರು ಹೀಗೆ ಇರುತ್ತಿದ್ದರು. ಹೊರಗೆ ಹತ್ತು ಡಿಗ್ರಿ ಚಳಿ. ತಗಡಿನ ಶೆಡ್ಡಿನೊಳಗೆ ಎರಡು ಸ್ವೆಟರ್ ಹಾಕಿಕೊಂಡ ನನ್ನ ಹಲ್ಲು ಕಟಕಟ ಎನ್ನುತ್ತಿವೆ. ತೊಟ್ಟಿಯ ಮೇಲೆ ಮಾತ್ರ ತೆಳ್ಳಗೆ ಹಬೆ ಆಡುತ್ತಿದೆ.

"ಯಾರರ ಮಕ್ಕೊಂಡು ಎದ್ದ ಹಾಸಿಗಿ ಹಂಗ ಐತ್ರಿ ನೀರು," ಎನ್ನುತ್ತಾರೆ, ಕಣ್ಣು ತೆರೆಯದೆ. "ನಿನ್ನೀನೂ ಹಿಂಗ ಇತ್ತು. ಮೊನ್ನೀನೂ. ಹಿಂಗ ಇರಬಾರ್ದು."

ನಾನು ದೆವ್ವ ಭೂತ ನಂಬುವವನಲ್ಲ. ಆದರೂ ಆ ಮಾತಿಗೆ ಮೈ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ? ತೊಟ್ಟಿಯ ತಳದಲ್ಲಿ ಕರೆಂಟಿನ ಕಾಯಿಲ್ ಇದೆ, ನಿಜ. ಆದರೆ ಅದನ್ನು ಹಚ್ಚುವುದು ಪೀರಬಿಯಲ್ಲ, ಇಂಜಿನಿಯರೂ ಅಲ್ಲ. ಹೊರಗೆ ಕತ್ತಲಲ್ಲಿ ನಿಂತಿರುವ ಸೇತುವೆ. ಅದರ ಸ್ಲ್ಯಾಬಿನ ಮೈಯೊಳಗೆ ಎರಡು ಬೆರಳು ಆಳದಲ್ಲಿ ಬಿಸಿ ಅಳೆಯುವ ಒಂದು ತಂತಿ ಹುಗಿದಿದ್ದಾರೆ. ಸ್ಲ್ಯಾಬ್ ಬಿಸಿಯಾದರೆ ಅರವತ್ತು ಹೆಜ್ಜೆ ಆಚೆ ಈ ನೀರೂ ಬಿಸಿಯಾಗುತ್ತದೆ. ಅದು ತಣ್ಣಗಾದರೆ ಇದೂ ತಣ್ಣಗಾಗುತ್ತದೆ. ನೀರಿನ ತಳದಲ್ಲಿ ಮೈಮೇಲೆ ತಾರೀಖು ಬರೆಸಿಕೊಂಡ ಆರು ಬೂದು ಬಣ್ಣದ ಕ್ಯೂಬ್‌ಗಳು ಸುಮ್ಮನೆ ಕುಳಿತಿವೆ.

ಇಂಡಿಯಿಂದ ಸಿಂದಗಿ ಕಡೆಗೆ ಹೋಗುವ ಹಾದಿಯಲ್ಲಿ ಒಂದು ಹಳ್ಳ, ಹಳ್ಳಕ್ಕೆ ಮೂರು ಕಣ್ಣಿನ ಸಣ್ಣ ಸೇತುವೆ. ಊರ ಹೆಸರು ಬರೆಯಬೇಡಿ ಎಂದಿದ್ದಾರೆ, ಬರೆಯುವುದಿಲ್ಲ. ಕಬ್ಬಿನ ಹಂಗಾಮು ಜೋರಾಗಿದೆ. ಟ್ರ್ಯಾಕ್ಟರುಗಳು ಸೇತುವೆ ಬಿಟ್ಟು ಹಳ್ಳಕ್ಕೇ ಇಳಿದು, ಹತ್ತುವಾಗ ಏದುಸಿರು ಬಿಟ್ಟು ಫ್ಯಾಕ್ಟರಿ ಕಡೆ ಹೋಗುತ್ತಿವೆ. ಎರಡು ಕಣ್ಣುಗಳ ಕೆಲಸ ಮುಗಿದಿದೆ. ಮೂರನೆಯದರ ಸ್ಲ್ಯಾಬ್ ಹಾಕಿ ಇವತ್ತಿಗೆ ಆರು ದಿನ.

ಓದುಗರಿಗೆ ಈ ಕ್ಯೂಬಿನ ವ್ಯವಹಾರ ಗೊತ್ತಿರಲಿಕ್ಕಿಲ್ಲ, ನನಗೂ ಗೊತ್ತಿರಲಿಲ್ಲ. ಸ್ಲ್ಯಾಬ್ ಹಾಕುವ ದಿನ ಅದೇ ಕಾಂಕ್ರೀಟನ್ನು ಚೋಟುದ್ದ, ಚೋಟಗಲದ ಅಚ್ಚುಗಳಲ್ಲಿ ತುಂಬುತ್ತಾರೆ. ಒಂದೊಂದು ಎಂಟು ಕಿಲೋ ಮೇಲೆ ತೂಗುತ್ತದೆ. ಸೇತುವೆಯನ್ನು ಒಡೆದು ನೋಡಲು ಬರುವುದಿಲ್ಲವಲ್ಲ, ಅದಕ್ಕೆ ಕ್ಯೂಬನ್ನು ಮಷಿನ್ನಿಗೆ ಕೊಟ್ಟು ಒಡೆಯುತ್ತಾರೆ. ಅದು ಎಷ್ಟು ಭಾರ ತಾಳಿತೋ ಸೇತುವೆಯೂ ಅಷ್ಟು ಗಟ್ಟಿಯಾಗಿದೆ ಎಂದು ಲೆಕ್ಕ. ಆದರೆ ಒಂದು ಷರತ್ತು ಇದೆ. ಸ್ಲ್ಯಾಬ್ ಉಂಡ ಬಿಸಿಲನ್ನೇ ಕ್ಯೂಬ್ ಉಣ್ಣಬೇಕು, ಅದು ತಿಂದ ಚಳಿಯನ್ನೇ ಇದೂ ತಿನ್ನಬೇಕು. ಚಳಿಯಲ್ಲಿ ಕಾಂಕ್ರೀಟ್ ನಿಧಾನಕ್ಕೆ ಗಟ್ಟಿಯಾಗುತ್ತದೆ, ಬೆಚ್ಚಗಿದ್ದರೆ ಬೇಗ. ಕ್ಯೂಬನ್ನು ಮನೆ ಅಳಿಯನ ಹಾಗೆ ಬೆಚ್ಚಗೆ ಸಾಕಿ, ಸ್ಲ್ಯಾಬನ್ನು ಚಳಿಯಲ್ಲಿ ಬಿಟ್ಟರೆ ಕ್ಯೂಬ್ ಹೇಳುವುದೆಲ್ಲ ಸುಳ್ಳಾಗುತ್ತದೆ.

ಪೀರಬಿಯ ಕೆಲಸ ಇಷ್ಟೇ, ಕ್ಯೂಬ್ ಸುಳ್ಳು ಹೇಳದ ಹಾಗೆ ನೋಡಿಕೊಳ್ಳುವುದು. ನಾಳೆ ಈ ಕ್ಯೂಬ್‌ಗಳನ್ನು ಒಡೆಯುತ್ತಾರೆ. ಐವತ್ತನಾಲ್ಕು ಟನ್ ತಾಳಿದರೆ ಸ್ಲ್ಯಾಬಿನ ಕೆಳಗೆ ಕೊಟ್ಟಿರುವ ಕಬ್ಬಿಣದ ಆಧಾರಗಳನ್ನು, ಇಲ್ಲಿಯವರ ಬಾಯಲ್ಲಿ ಜಾಕ್, ತೆಗೆಯುತ್ತಾರೆ. ತೆಗೆಯಲು ಸ್ಲ್ಯಾಬಿನ ಕೆಳಗೆ ನುಗ್ಗುವವರು ಸೆಂಟ್ರಿಂಗ್ ಕೆಲಸದ ಬಂದೇನವಾಜ. ಕ್ಯೂಬ್ ಸುಳ್ಳು ಹೇಳಿದರೆ ಸ್ಲ್ಯಾಬ್ ಬೀಳುವುದು ಅವರ ತಲೆಯ ಮೇಲೆ.

ಪೀರಬಿಗೆ ಐವತ್ತೆರಡು ವಯಸ್ಸು. ಹುಟ್ಟಿದ್ದು ಹೊರ್ತಿ. ಮದುವೆಯಾಗಿ ಇಂಡಿಗೆ ಬಂದು, ಲಿಂಬೆ ಪೇಟೆಯಲ್ಲಿ ಹದಿನಾಲ್ಕು ವರ್ಷ ಚೀಲ ಹೊಲಿದರು. ಸಂಜೆ ಮನೆಯಲ್ಲಿ ಹಳೆ ಸೀರೆ ತುಂಡುಗಳ ಹೊದಿಕೆ, ಕೌದಿ. ಗಂಡ ಇಬ್ರಾಹಿಂಸಾಬ ಸೈಟಿಗೆ ನೀರಿನ ಟ್ಯಾಂಕರ್ ಒಯ್ಯುತ್ತಿದ್ದರು. ಅವರ ಜೊತೆ ಹೋಗಿ ಸ್ಲ್ಯಾಬಿಗೆ ನೀರು ಹೊಡೆಯುವ ಕೆಲಸ ಹಿಡಿದರು, ಅಲ್ಲಿಂದ ಕ್ಯೂಬಿಗೆ ಬಂದರು. ಓದಿದ್ದು ಮೂರನೇ ಇಯತ್ತೆ. ಅಂಕಿ ಬರೆಯುವುದನ್ನು ಮಗಳು ಗುಲನಾಜ ತಿದ್ದಿಸಿದ್ದಾಳೆ. ದಿನಕ್ಕೆ ಆರು ಸಲ ಡಿಗ್ರಿ ಬರೆಯಬೇಕು, ಎಂಟು ಸಲ ಸ್ಲ್ಯಾಬಿಗೆ ಹೊದಿಸಿದ ಗೋಣಿತಟ್ಟು ನೆನೆಸಬೇಕು. ಹನ್ನೊಂದು ವರ್ಷದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂತ ಇಪ್ಪತ್ತಮೂರು ಸೈಟು. ಎಷ್ಟು ಕ್ಯೂಬ್ ಕಾದಿರಿ ಎಂದು ಕೇಳಿದರೆ ನಗುತ್ತಾರೆ.

"ಹುಟ್ಟಿದ್ದೂ ನಾ ಬರೀತೇನಿ, ಒಡೆದದ್ದೂ ನಾ ಬರೀತೇನಿ. ನಡುವ ಎಷ್ಟಾದವು ಅಂತ ಎಣಿಸಬಾರ್ದ್ರಿ. ಎಣಿಸಿದ್ರ ನಿದ್ದಿ ಬರೂದಿಲ್ಲ."

ಶೆಡ್ಡಿನ ಹಿಂದೆ ಹೋಗಿ ನೋಡಿದರೆ ಆ ಮಾತು ಅರ್ಥವಾಗುತ್ತದೆ. ಒಡೆದ ಕ್ಯೂಬ್‌ಗಳನ್ನು ಅಲ್ಲಿ ಸಾಲಾಗಿ ಇಟ್ಟಿದ್ದಾರೆ. ನಾಲ್ಕೂ ಬದಿ ಉದುರಿ, ನಡು ಸಣ್ಣಗಾಗಿ, ಮೈಮೇಲೆ ತಾರೀಖು ಮಾತ್ರ ಉಳಿದಿದೆ. ಟಾರ್ಚ್ ಹಾಕಿದವನು ತಟ್ಟನೆ ಆರಿಸಿದೆ. ನಾನೇನು ಖಬರಸ್ತಾನಕ್ಕೆ ಬಂದೆನೋ ಅನ್ನಿಸಿತು.

ಮೊದಲು ಈ ತಂತಿ, ತೊಟ್ಟಿ ಏನೂ ಇರಲಿಲ್ಲ. ಕ್ಯೂಬ್‌ಗಳನ್ನು ಸ್ಲ್ಯಾಬಿನ ಪಕ್ಕದಲ್ಲೇ ಅದೇ ಗೋಣಿತಟ್ಟಿನ ಕೆಳಗೆ ಇಡುತ್ತಿದ್ದರು. ತೊಟ್ಟಿಯನ್ನು ತಂದವರು ಸೈಟ್ ಇಂಜಿನಿಯರ್ ಚೇತನಕುಮಾರ, ಬಸವನ ಬಾಗೇವಾಡಿಯ ಹುರುಪಿನ ತರುಣ. ಪೀರಬಿಗೆ ತೊಟ್ಟಿಯ ಮೇಲೆ ಅರ್ಧ ನಂಬಿಕೆ. ಅದಕ್ಕೇ ಹಳೆ ರೂಢಿ ಬಿಡದೆ ಮೂರು ಕ್ಯೂಬ್‌ಗಳನ್ನು ಇವತ್ತಿಗೂ ಸ್ಲ್ಯಾಬಿನ ಅಂಚಿನಲ್ಲಿ ಇಡುತ್ತಾರೆ. "ಅಕ್ಕಾರ ಕ್ಯೂಬ್ ಅವು, ನಮ್ಮವಲ್ಲ" ಎಂದು ಚೇತನಕುಮಾರ ಚೇಷ್ಟೆ ಮಾಡುತ್ತಾರೆ.

ಪೀರಬಿಯ ಇನ್ನೊಂದು ರೂಢಿ ಯಾಕೆ ಅಂತ ಸೈಟಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಮೊದಲ ಜಾಕ್ ಬಿಚ್ಚುವಾಗ ಪೀರಬಿ ಸ್ಲ್ಯಾಬಿನ ಕೆಳಗೆ ಹೋಗಿ ಬಂದೇನವಾಜರ ಪಕ್ಕ ನಿಲ್ಲುತ್ತಾರೆ. ಇಂಜಿನಿಯರ್ ಬೈದರೂ ಅಷ್ಟೇ, ಮೇಸ್ತ್ರಿ ಶ್ರೀಶೈಲಪ್ಪ ಕೂಗಾಡಿದರೂ ಅಷ್ಟೇ. ಕೊನೆಯ ಜಾಕ್ ಇಳಿಯುವವರೆಗೆ ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು ಮೇಲೆ ನೋಡುತ್ತಾ ನಿಂತಿರುತ್ತಾರೆ.

ಈಗ ನೀರಿನಿಂದ ಕೈ ತೆಗೆದು ಪೀರಬಿ ತೊಟ್ಟಿಯ ಪಕ್ಕದಲ್ಲಿ ಡಿಗ್ರಿ ತೋರಿಸುವ ಡಬ್ಬಿಯ ಕೆಂಪು ಅಂಕಿ ನೋಡುತ್ತಾರೆ. ಇಪ್ಪತ್ತಾರು. ನಿನ್ನೆ ರಾತ್ರಿ ಎಂಟಕ್ಕೆ ಅದು ಇಪ್ಪತ್ತು ತೋರಿಸುತ್ತಿತ್ತು. ಇಡೀ ರಾತ್ರಿ ಚಳಿಗಾಳಿ ಬೀಸಿದೆ. ತಣ್ಣಗಾಗಬೇಕಿದ್ದ ಸ್ಲ್ಯಾಬ್ ಬೆಚ್ಚಗಾಗಿದೆ ಎಂದು ತಂತಿ ಹೇಳುತ್ತಿದೆ.

"ಹೊಸಾ ಸೇತುವಿ ಒಂದ್ ಜೀವಾ ಕೇಳತೈತ್ರಿ," ಎಂದು ನಿನ್ನೆ ಶ್ರೀಶೈಲಪ್ಪ ನನಗೆ ಹೇಳಿದ್ದರು. ಅವರು ಆಗಲೇ ಎರಡು ತೆಂಗಿನಕಾಯಿ ಒಡೆದಿದ್ದಾರೆ. ಅವರಿಗೂ ಕಾರಣವಿತ್ತು. ನಿನ್ನೆ ಬೆಳಿಗ್ಗೆ ಪೀರಬಿ ಸ್ಲ್ಯಾಬ್ ಹತ್ತಿದಾಗ, ಮೂಲೆಯಿಂದ ಮೂಲೆಗೆ ಒದ್ದೆಯಾಗಿ ಕಪ್ಪಗಿದ್ದ ಗೋಣಿತಟ್ಟಿನ ನಡುವೆ ಒಂದು ಕಡೆ ಮಾತ್ರ ಒಣಗಿ ಬಿಳಚಿಕೊಂಡಿತ್ತು. ಆರಡಿ ಉದ್ದ, ಎರಡಡಿ ಅಗಲ. ಆಳಿನ ಅಳತೆ. ಆ ಜಾಗದ ಕೆಳಗೇ ತಂತಿ ಇರುವುದು. ಪೀರಬಿ ಬಿಸ್ಮಿಲ್ಲಾ ಅಂದು ಎರಡು ಕೊಡ ನೀರು ಸುರಿದು ಇಳಿದು ಬಂದಿದ್ದರು.

"ಇವತ್ತ ನೋಡೂಣು ನಡ್ರಿ. ಬೆಳಕ ಹರದಮ್ಯಾಗ ಹೋದ್ರ ಏನೂ ಸಿಗೂದಿಲ್ಲ."

ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ, ಹೆಣ್ಣುಮಗಳು ಮುಂದೆ ಹೊರಟಿದ್ದಾರೆ. ಏಣಿ ಹತ್ತುತ್ತೇವೆ. ಹಳ್ಳದ ಮೇಲೆ ಮಂಜು ಹಾಸಿದೆ. ಕೆಳಗೆ ಜಾಕುಗಳ ಸಾಲು ಕಾಣುವುದಿಲ್ಲ, ಹಾಗಾಗಿ ಸ್ಲ್ಯಾಬ್ ಯಾವುದರ ಮೇಲೂ ನಿಂತಿಲ್ಲ ಅನ್ನಿಸುತ್ತದೆ. ಪೀರಬಿ ಟಾರ್ಚ್ ಹಾಕುತ್ತಾರೆ. ಬೆಳಕು ಗೋಣಿತಟ್ಟಿನ ಮೇಲೆ ಹರಿದು, ನಡುವೆ ಒಂದು ಕಡೆ ನಿಲ್ಲುತ್ತದೆ.

ಅಲ್ಲಿ ಒಂದು ಹೆಣ ಮಲಗಿದೆ. ತಲೆಯಿಂದ ಕಾಲಿನವರೆಗೆ ಬಟ್ಟೆ ಸುತ್ತಿದ್ದಾರೆ.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅಷ್ಟರಲ್ಲಿ ಹೆಣ ಎದ್ದು ಕುಳಿತು, ಆಕಳಿಸಿ, "ಯಾರವಾ?" ಎಂದಿತು. ಬಂದೇನವಾಜ! ನಾನು ಅಯ್ಯಪ್ಪಾ ಎಂದು ಅಲ್ಲೇ ಕುಕ್ಕರಿಸಿದೆ. ನನ್ನನ್ನು ನೋಡಿ ಅವರೂ ಬೆಚ್ಚಿದ್ದರಂತೆ, ಆಮೇಲೆ ಹೇಳಿದರು.

"ಕಾಲ ಜಗ್ಗತೈತಿ ಅಕ್ಕಾ, ಈ ಥಂಡ್ಯಾಗ," ಎನ್ನುತ್ತಾರೆ, ಎಡಗಾಲನ್ನು ಕೈಯಿಂದ ಎತ್ತಿ ಸರಿಸುತ್ತಾ. "ತಗಡಿನ ಶೆಡ್ಡು ಐಸ್ ಆಗತೈತಿ. ಹೊಸಾ ಸ್ಲ್ಯಾಬ್ ಒಳಗಿಂದ ಕಾವ್ ಇರತೈತಿ. ನಾಯಿಗೋಳು ಮಕ್ಕೋತಾವಲ್ಲ, ಹಂಗ ಪ್ಲಾಸ್ಟಿಕ್ ಹಾಸಿ ಮೂರ್ ದಿನದಿಂದ ಇಲ್ಲೇ ಮಕ್ಕೊಳಾಕತ್ತೇನಿ. ನೀ ಬರೂದರಾಗ ಎದ್ ಹೋಗತಿದ್ನಿ. ಇವತ್ತ ಕಣ್ಣ ತೆರೀಲಿಲ್ಲ."

ನನಗೆ ನಗು ಬಂದಿತ್ತು. ಪೀರಬಿ ನಗುತ್ತಿಲ್ಲ. ಅವರ ಟಾರ್ಚು ಬಂದೇನವಾಜರ ಮುಖದ ಮೇಲಿಲ್ಲ, ಅವರು ಹೊದ್ದ ಕೌದಿಯ ಮೇಲಿದೆ. "ಇದು ಇನ್ನೂ ಐತೇನು?" ಎಂದು ಮೆಲ್ಲಗೆ ಕೇಳಿದರು, ಉತ್ತರಕ್ಕೆ ಕಾಯದೆ ಏಣಿ ಇಳಿದರು.

ಏಳು ಗಂಟೆಗೆ ಚೇತನಕುಮಾರ ಬಂದರು. ಬಸವನ ಬಾಗೇವಾಡಿ ಕಡೆ ಇನ್ನೊಂದು ಕೆಲಸ ನಿಂತಿದೆ, ಇಲ್ಲಿನ ಜಾಕ್ ಅಲ್ಲಿಗೆ ಬೇಕು. ಅವರು ಅವಸರದಲ್ಲಿದ್ದರು.

"ಸಾಹೇಬ್ರ, ತೊಟ್ಯಾಗಿನ ಕ್ಯೂಬ್ ನಂಬಬ್ಯಾಡ್ರಿ," ಎಂದರು ಪೀರಬಿ. "ತಂತಿ ಮ್ಯಾಗ ಇವಾ ಮಕ್ಕೊಂಡಾನ. ಇವನ ಮೈ ಬಿಸಿ ತಗೊಂಡ್ ನೀರ್ ಕಾದೈತಿ. ಸ್ಲ್ಯಾಬ್ ಎಲ್ಲಾ ಥಂಡಿ ಐತಿ."

"ಒಬ್ಬ ಮನುಷ್ಯಾ ಮಕ್ಕೊಂಡ್ರ ಎಷ್ಟ್ ಫರಕ್ ಆಗತೈತಿ ಅಕ್ಕಾರ? ಎರಡ್ ಮೂರ್ ಟನ್. ಬಿಡ್ರಿ."

ಬಂದೇನವಾಜ ಕೌದಿ ಮಡಚಿ ಬಗಲಲ್ಲಿ ಇಟ್ಟುಕೊಂಡು ಚಹಾ ಕುಡಿಯುತ್ತಿದ್ದರು. ಶ್ರೀಶೈಲಪ್ಪ ಕಾಯಿ ಒಡೆದ ಜಾಗ ಗುಡಿಸುತ್ತಿದ್ದರು. ಅಲ್ಲಿ ಎಲ್ಲರೆದುರು ಪೀರಬಿ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ಮೂರು ವರ್ಷದ ಹಿಂದ ಮುದ್ದೇಬಿಹಾಳ ಕಡೆ ಒಂದು ಪಂಪ್‌ಹೌಸ್ ಇತ್ರಿ. ಇಂಥಾದೇ ಚಳಿ. ತಗಡಿನಷ್ಟ ತೆಳು ಸ್ಲ್ಯಾಬು. ಆರ್ ಕ್ಯೂಬ್ ಹೊರಗಿದ್ದುವು. ರಾತ್ರಿ ನೋಡಿದ್ನಿ, ಸಾಲಾಗಿ ಕುಂತಾವು, ಪಾಪ ಅನಸ್ತು. ನನಗೂ ಹುಚ್ಚ ಹಿಡದಿತ್ತೋ ಏನೋ. ಕೂಸಿಗೆ ಚಳಿ ಆದ್ರ ಸುಮ್ನ ಇರ್ತೇವೇನ್ರಿ? ಒಳಗ ತಂದು, ಒಲಿ ಬಾಜೂ ಇಟ್ಟು, ನಮ್ಮವ್ವ ಮಾಬುಬಿ ಸೀರಿಲೆ ಹೊಲದಿದ್ದ ಕೌದಿ ಹೊಚ್ಚಿದ್ನಿ. ಬೆಳಕಾಗೂದರಾಗ ಹೊರಗ ಇಡತಿದ್ನಿ. ಐದ್ ರಾತ್ರಿ ಹಂಗ ಮಾಡಿದ್ನಿ. ಏಳನೇ ದಿನ ಒಡೆದ್ರು. ಛಲೋ ಬಂತು. ಎಲ್ಲಾರೂ ಶಾಬಾಸ್ ಅಂದ್ರು. ಜಾಕ್ ತೆಗ್ಯಾಕ ಇವಾ ಕೆಳಗ ಹೋದ."

ಅವರು ನಿಲ್ಲಿಸಿದರು. ಮುಂದಿನದನ್ನು ಹೇಳುವ ಅಗತ್ಯವಿರಲಿಲ್ಲ, ಬಂದೇನವಾಜರ ಎಡಗಾಲು ಎಲ್ಲರ ಕಣ್ಣೆದುರೇ ಇತ್ತು. ಸ್ಲ್ಯಾಬಿನ ಒಂದು ಮೂಲೆ ಕುಸಿದು ಜಾಕು, ಹಲಗೆ ಎಲ್ಲ ಅವರ ಕಾಲಿನ ಮೇಲೆ ಬಿದ್ದಿತ್ತು. ಟೆಂಪೋದಲ್ಲಿ ಆಸ್ಪತ್ರೆಗೆ ಒಯ್ಯುವಾಗ ಅವರು ಗಡಗಡ ನಡುಗುತ್ತಿದ್ದರಂತೆ. ಪೀರಬಿ ಕೈಗೆ ಸಿಕ್ಕ ಅದೇ ಕೌದಿಯನ್ನು ಎಳೆದು ಹೊಚ್ಚಿದ್ದರು. ಉಸುಕಿನಲ್ಲಿ ಮಣ್ಣಿತ್ತು ಎಂದು ವರದಿ ಬರೆದರು, ಕಡತ ಮುಚ್ಚಿದರು. ಒಲೆಯ ವಿಷಯ, ಕೌದಿಯ ವಿಷಯ ಯಾರೂ ಕೇಳಲಿಲ್ಲ, ಪೀರಬಿ ಹೇಳಲಿಲ್ಲ.

"ಉಸುಕಿಂದ ತಪ್ಪಲ್ರಿ. ನಂದು. ಕನಿಕರಾ ಮಾಡಿ ಇವನ ಕಾಲ ಮುರದೇನಿ ನಾ."

ಚೇತನಕುಮಾರ ಚಹಾ ಲೋಟ ಕೆಳಗಿಟ್ಟರು. ನಾಳೆ ಬೇಡ, ಈಗಲೇ ಒಡೆಯೋಣ ಎಂದರು. ತೊಟ್ಟಿಯದೊಂದು, ಪೀರಬಿ ಹೊರಗಿಟ್ಟದ್ದೊಂದು.

ಕ್ಯೂಬ್ ಒಡೆಯುವುದನ್ನು ನೀವು ಕೇಳಿಲ್ಲದಿದ್ದರೆ ಒಳ್ಳೆಯದೇ. ಮೊದಲು ಮಷಿನ್ ಗುಂಯ್‌ಗುಡುತ್ತದೆ. ಆಮೇಲೆ ಒಳಗಿಂದ ಸಣ್ಣಗೆ ಚಿಟ್ ಚಿಟ್, ಯಾರೋ ಬೆರಳ ನೆಟಿಗೆ ತೆಗೆದ ಹಾಗೆ. ಮತ್ತೆ ಒಂದು ಕ್ಷಣ ಎಲ್ಲ ಸ್ತಬ್ಧ. ಆಮೇಲೆ ಢಬ್. ತೊಟ್ಟಿಯ ಕ್ಯೂಬ್ ಐವತ್ತೇಳು ಟನ್‌ಗೆ ಒಡೆಯಿತು, ಪಾಸು. ಹೊರಗಿನ ಕ್ಯೂಬ್ ನಲವತ್ತಮೂರಕ್ಕೇ ಪುಡಿಯಾಯಿತು. ನಾಳೆ ತೊಟ್ಟಿಯ ಮಾತು ನಂಬಿ ಜಾಕ್ ತೆಗೆದಿದ್ದರೆ ಬಂದೇನವಾಜ ತಾವು ಮಲಗಿದ್ದ ಸ್ಲ್ಯಾಬಿನ ಕೆಳಗೇ ಇರುತ್ತಿದ್ದರು.

ಶ್ರೀಶೈಲಪ್ಪ ಮೊದಲು ಬಾಯಿ ಬಿಟ್ಟರು. "ನಿನ್ನ ನಿದ್ದಿ ಹದಿನಾಕ ಟನ್ ಆತಲ್ಲೋ ಮಾರಾಯಾ! ಕುಂಭಕರ್ಣಂದೂ ಇಷ್ಟ್ ಇರಲಿಲ್ಲ!"

"ಅಲ್ಲಿ ತಂತಿ ಐತಿ ಅಂತ ನನಗ ಯಾರ್ ಹೇಳಿದ್ರಿ?" ಎಂದು ಬಂದೇನವಾಜ ರೇಗಿದರು. ಅದೂ ನಿಜ, ಯಾರೂ ಹೇಳಿರಲಿಲ್ಲ. ಆಮೇಲೆ ಅವರು ಬಗಲಲ್ಲಿದ್ದ ಕೌದಿಯನ್ನು ಪೀರಬಿಯ ಮುಂದೆ ಹಾಸಿದರು. ಕೆಂಪು, ಹಸಿರು, ಹಳದಿ ಸೀರೆ ತುಂಡುಗಳ ನಡುವೆ ಮೂರರಂತೆ ಎರಡು ಸಾಲಿನಲ್ಲಿ ಆರು ಬೂದು ಬಣ್ಣದ ಚೌಕ ಕಲೆಗಳು. ಚೋಟುದ್ದ, ಚೋಟಗಲ.

"ಆಸ್ಪತ್ರ್ಯಾಗ ಎಚ್ಚರಾದಾಗ್ಲೇ ನೋಡೇನಿ ಅಕ್ಕಾ. ರಹಿಮಾಬಿ ಎಷ್ಟ್ ಸಲಾ ತೊಳದ್ರೂ ಹೋಗಿಲ್ಲ. ಸಿಮೆಂಟಿನ ಕಲಿ ಅದು. ಆರ್ ಕ್ಯೂಬ್ ಹೊಚಗೊಂಡಿದ್ವು ಅಂತ ಸಣ್ ಕೂಸಿಗೂ ತಿಳೀತೈತಿ."

ರಹಿಮಾಬಿ ಅವರ ಹೆಂಡತಿ. ಪೀರಬಿ ಆ ಚೌಕಗಳನ್ನು ನೋಡುತ್ತಾ ನಿಂತವರು ಕೆಳಗೆ ಕುಳಿತುಬಿಟ್ಟರು. "ಮೂರು ವರ್ಷ ಸುಮ್ನಿದ್ದಿ?"

"ನೀ ಹೇಳ್ಲಿ ಅಂತ ಇದ್ನಿ. ನಾ ಕೇಳಿದ್ರ ನೀ ಕೆಲಸಾ ಬಿಟ್ಟ್ ಮನ್ಯಾಗ ಕುಂದರತಿದ್ದಿ. ಆಮ್ಯಾಲ ನನ್ನ ತಲಿ ಮ್ಯಾಗಿನ ಕ್ಯೂಬ್ ಯಾರ್ ಕಾಯಬೇಕು? ಒಮ್ಮಿ ಕೈ ಸುಟಗೊಂಡಾಕೀನ ನನಗ ಬೇಕು."

ಪೀರಬಿ ಅತ್ತರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಸದ್ದು ಮಾಡಿ, ಹೆಂಗಸರು ಸಾವಿನ ಮನೆಯಲ್ಲಿ ಅಳುವ ಹಾಗೆ ಅತ್ತರು. ಯಾರೂ ಸಮಾಧಾನ ಮಾಡಲಿಲ್ಲ. ಬಂದೇನವಾಜ ಇನ್ನೊಂದು ಕಪ್ ಚಹಾ ತಂದು ಪಕ್ಕದಲ್ಲಿಟ್ಟರು.

ಎಂಟು ದಿನ ಬಿಟ್ಟು ಮತ್ತೆ ಅದೇ ಹೊತ್ತಿಗೆ ಹೋಗಿದ್ದೇನೆ. ತಂತಿಯ ಸುತ್ತ ಹಗ್ಗ ಕಟ್ಟಿದ್ದಾರೆ. ಬಂದೇನವಾಜರಿಗೆ ಇಂಜಿನಿಯರ್ ತಮ್ಮ ಕೋಣೆಯಲ್ಲೇ ಜಾಗ ಕೊಟ್ಟಿದ್ದಾರೆ. ಪೀರಬಿ ಆ ಎಂಟೂ ರಾತ್ರಿ ಹೊರಗಿನ ಕ್ಯೂಬ್‌ಗಳಿಗೆ ಗೋಣಿತಟ್ಟಿನ ಹೊರತು ಏನನ್ನೂ ಹೊದಿಸದೆ, ತಾವೂ ಹೆಚ್ಚು ಹೊದೆಯದೆ ಕಳೆದಿದ್ದಾರೆ. ಇದೂ ಅವರ ರೂಢಿಯಂತೆ, ತಾವು ಬೆಚ್ಚಗೆ ಮಲಗಿದರೆ ಮತ್ತೆ ಕನಿಕರ ಹುಟ್ಟುತ್ತದೆ ಎಂಬ ಭಯ. ನಿನ್ನೆ ಒಡೆದ ಹೊರಗಿನ ಕ್ಯೂಬ್ ಐವತ್ತೆಂಟು ಟನ್ ತಾಳಿದೆ.

ಬಿಸಿಲೇರಿದೆ, ಜಾಕ್ ತೆಗೆಯುವ ಹೊತ್ತು. ಬಂದೇನವಾಜ ಸುತ್ತಿಗೆ ಹಿಡಿದು, ಕಾಲೆಳೆಯುತ್ತಾ, ಸ್ಲ್ಯಾಬಿನ ಕೆಳಗಿನ ನಸುಗತ್ತಲಿಗೆ ಹೋಗುತ್ತಾರೆ. ಪೀರಬಿ ಸೆರಗು ಕಚ್ಚಿಕೊಂಡು ಹಿಂದೆ ನಡೆಯುತ್ತಾರೆ. ಬಂದೇನವಾಜ ತಿರುಗಿ ನಿಲ್ಲುತ್ತಾರೆ.

"ನೀ ಹೊರಗ ನಿಂದ್ರು ಅಕ್ಕಾ."

"ಯಾಕ?"

"ನೀ ಬಾಜೂ ನಿಂತ್ರ ನನಗ ಅಂಜಿಕಿ ಆಗತೈತಿ. ಕ್ಯೂಬಿನ ಮ್ಯಾಗ ನಿನಗ ನಂಬಿಗಿ ಇಲ್ಲೇನೋ ಅನಸ್ತೈತಿ."

ಪೀರಬಿ ಅಲ್ಲೇ ನಿಂತರು. ಒಂದು ಹೆಜ್ಜೆ ಮುಂದೆ ಇಟ್ಟರು, ಹಿಂದೆ ತೆಗೆದರು. ಆಮೇಲೆ ಬಂದು ನನ್ನ ಪಕ್ಕ, ಬಿಸಿಲು ಬೀಳುವ ಕಡೆ ನಿಂತರು. ಒಳಗೆ ಸುತ್ತಿಗೆಯ ಮೊದಲ ಏಟು. ಜಾಕ್ ನರಳಿ ಸಡಿಲಾಯಿತು. ಸ್ಲ್ಯಾಬ್ ಒಂದು ಸಲ ಟಕ್ ಎಂದಿತು. ಪೀರಬಿ ನನ್ನ ತೋಳು ಹಿಡಿದರು. ಆ ಹಿಡಿತದ ಗುರುತು ಸಂಜೆಯವರೆಗೂ ಇತ್ತು. ಆಮೇಲೆ ಮತ್ತೊಂದು ಏಟು, ಮತ್ತೊಂದು. ಅವರು ಬಾಯಲ್ಲೇ ಎಣಿಸುತ್ತಿದ್ದರು. ನಲವತ್ತೆರಡು ಜಾಕ್. ಸ್ಲ್ಯಾಬ್ ತನ್ನ ಪಾಡಿಗೆ ತಾನು ನಿಂತಿತ್ತು. ಆಚೆ ಬದಿಯಿಂದ ಬಂದೇನವಾಜ ಮೈಯೆಲ್ಲ ಧೂಳಾಗಿ ಹೊರಗೆ ಬಂದು, "ಚಾ ಆಗೈತೇನು?" ಎಂದು ಕೂಗಿದರು.

ಫೋಟೋ ತೆಗೆಯಬೇಕು, ಸೇತುವೆಯ ಮುಂದೆ ನಿಲ್ಲಿ ಎಂದೆ. ಪೀರಬಿ ತಲೆ ಅಲ್ಲಾಡಿಸಿದರು. ಬಂದೇನವಾಜರಿಂದ ಕೌದಿ ತರಿಸಿ, ಹಳ್ಳದ ದಂಡೆಯ ಹಾಸುಗಲ್ಲಿನ ಮೇಲೆ ಹರಡಿ, ನಾಲ್ಕೂ ಮೂಲೆಗೆ ಒಡೆದ ಕ್ಯೂಬಿನ ಚೂರು ಇಟ್ಟರು.

"ನನ್ ಮಾರಿ ಬ್ಯಾಡ್ರಿ. ಇದರ ಫೋಟೋ ಹಾಕ್ರಿ, ಆರೂ ಕಲಿ ಕಾಣೂ ಹಂಗ. ಎಲ್ಲೆರ ಒಂದು ಸೈಟಿನ್ಯಾಗ ನನ್ನಂಥಾಕಿ ಒಬ್ಬಾಕಿ ಇರ್ತಾಳ್ರಿ. ಕ್ಯೂಬಿಗೆ ಚಳಿ ಆಗೈತಿ ಅಂತ ಈಗ ಕೌದಿ ಹುಡುಕಾಕತ್ತಿರ್ತಾಳ."